ಪಾಳಿ ಹಿಡಿಯುವವರ ಷಡ್ಲೇಶ್ಯಾ ಪ್ರಕರಣ

ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ನಾನು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಈ ಶಾಸ್ತ್ರ ಬರೆಯಲು ನನಗಿರುವ ಅಧಿಕಾರ ಅಷ್ಟೇ. ಅದರಲ್ಲಿ ಹದಿನಾರು ವರ್ಷ ಡ್ಯೂಟಿ ಲಿಸ್ಟು ನನ್ನ ಕೈಯಲ್ಲೇ ಇತ್ತು. ತಿಂಗಳಿಗೊಂದರಂತೆ 192 ಲಿಸ್ಟು. ಒಂದೊಂದನ್ನೂ ಮೊದಲು ಪೆನ್ಸಿಲಿನಲ್ಲಿ, ಜಗಳ ಮುಗಿದ ಮೇಲೆ ಪೆನ್ನಿನಲ್ಲಿ ಬರೆದೆ. ಕೊನೆಯ ಎರಡು ವರ್ಷ ಇರುವಾಗ ಸಾಫ್ಟ್‌ವೇರ್ ಬಂತು. ಅಲ್ಲಿಂದ ಸಿಸ್ಟರ್‌ಗಳು ತಮ್ಮ ಪಾಳಿಯನ್ನು ತಾವೇ ಮೊಬೈಲಿನಲ್ಲಿ ಹಿಡಿಯತೊಡಗಿದರು.

‘ಹಿಡಿಯುವುದು’ ನಾನು ಕಟ್ಟಿದ ಮಾತಲ್ಲ. ಕಂಪೆನಿಯಿಂದ ಕಲಿಸಲು ಬಂದ ಹುಡುಗ ‘ಆಯ್ಕೆ ಮಾಡಿಕೊಳ್ಳಿ’ ಎಂದೇ ಹೇಳಿದ್ದು. ನಮ್ಮವರು ಮೊದಲ ತಿಂಗಳಿಂದಲೇ ‘ಮಾರ್ನಿಂಗ್ ಎಷ್ಟು ಹಿಡಿದೆ ಮಾರಾಯ್ತಿ’ ಎಂದು ಕೇಳಿದರು. ಬಸ್ಸು ಹಿಡಿಯುತ್ತಾರೆ, ಮೀನು ಹಿಡಿಯುತ್ತಾರೆ, ಹೋರಿ ಹಿಡಿಯುತ್ತಾರೆ. ಓಡುವುದನ್ನು, ಜಾರುವುದನ್ನು, ಹಾಯುವುದನ್ನು ಮಾತ್ರ ಹಿಡಿಯುವುದು. ಪಾಳಿಯಲ್ಲಿ ಈ ಮೂರೂ ಗುಣ ಇರುವುದರಿಂದ ಕ್ರಿಯಾಪದ ಸರಿಯಾಗಿಯೇ ಉಂಟು.

ಮೊದಲು ಲಕ್ಷಣ. ಇಪ್ಪತ್ತನಾಲ್ಕು ಗಂಟೆಯನ್ನು ಮೂರು ಹೋಳು ಮಾಡಿದರೆ ಯಾರಿಗೂ ಬೇಡದ ಹೋಳು ಒಂದು ಉಳಿಯುತ್ತದಷ್ಟೆ. ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವ ವ್ಯವಸ್ಥೆಗೆ ಪಾಳಿ ಎಂದು ಹೆಸರು. ನಮ್ಮಲ್ಲಿ ಬೆಳಗ್ಗೆ 7ರಿಂದ 2 ಮಾರ್ನಿಂಗ್, 2ರಿಂದ ರಾತ್ರಿ 9 ಈವ್ನಿಂಗ್, 9ರಿಂದ ಬೆಳಗ್ಗೆ 7 ನೈಟ್. ಈವ್ನಿಂಗ್ ಕೇಳಲಿಕ್ಕೆ ಚಂದ. ಒಂಬತ್ತಕ್ಕೆ ಹ್ಯಾಂಡ್‌ಓವರ್ ಕೊಟ್ಟು ಬಸ್‌ಸ್ಟ್ಯಾಂಡಿಗೆ ಬಂದರೆ ವೇಣೂರಿಗಾಗಲಿ ಸಿದ್ಧಕಟ್ಟೆಗಾಗಲಿ ಬಸ್ಸು ಉಂಟೋ ಇಲ್ಲವೋ ಎಂಬುದು ಅವರವರ ಪುಣ್ಯ. ಹಾಗಾಗಿ ಪೇಟೆಯಲ್ಲಿ ಮನೆ ಇರುವವಳಿಗೆ ನೈಟ್ ನರಕ, ವೇಣೂರಿನವಳಿಗೆ ಈವ್ನಿಂಗೇ ನರಕ. ಪಾಳಿಯ ಒಳ್ಳೆಯದು ಕೆಟ್ಟದ್ದು ಗಡಿಯಾರದಲ್ಲಿಲ್ಲ, ಬಸ್ಸಿನ ಟೈಮಿಂಗಿನಲ್ಲಿದೆ. ಇದು ಶಾಸ್ತ್ರದ ಮೊದಲ ಸೂತ್ರ. ಸಾಫ್ಟ್‌ವೇರಿಗೆ ತಿಳಿಯದ ಸೂತ್ರವೂ ಹೌದು.

ಇನ್ನು ಸಂಖ್ಯೆ. ನಮ್ಮೂರಿನ ಚೌಟರ ಅರಮನೆಯ ಮರದ ಕಂಬದಲ್ಲಿ ನವನಾರಿಕುಂಜರ ಕೆತ್ತಿದ್ದಾರೆ. ಒಂಬತ್ತು ಹೆಂಗಸರು ಬಾಗಿ ಬಳುಕಿ ಒಬ್ಬರಿಗೊಬ್ಬರು ಆತು ಒಂದು ಆನೆ ಆಗಿದ್ದಾರೆ. ನಮ್ಮ ವಾರ್ಡಿನಲ್ಲೂ ಒಂಬತ್ತೇ ಮಂದಿ. ಮಾರ್ನಿಂಗಿಗೆ ಮೂವರು, ಈವ್ನಿಂಗಿಗೆ ಇಬ್ಬರು, ನೈಟಿಗೆ ಇಬ್ಬರು. ದಿನಕ್ಕೆ ಏಳು, ವಾರಕ್ಕೆ 49 ಪಾಳಿ. ಒಬ್ಬೊಬ್ಬರು ವಾರಕ್ಕೆ ಆರು ದಿನ ಬಂದರೆ ಒಂಬತ್ತಾರ್ಲಿ 54. ಐದು ಪಾಳಿ ಉಳಿತಾಯ, ಆನೆ ನಿಂತಿತು. ಒಬ್ಬಳು ಬಾಣಂತನಕ್ಕೆ ಹೋದಳು ಅನ್ನಿ, ಎಂಟಾರ್ಲಿ 48. ಒಂದು ಕಡಿಮೆ, ಆನೆಯ ಒಂದು ಕಾಲು ಹೋಯಿತು. ಅದೇ ಅರಮನೆಯಲ್ಲಿ ಪಂಚನಾರಿ ತುರಗವೂ ಉಂಟು, ಐದು ಹೆಂಗಸರ ಕುದುರೆ. ನಮ್ಮ ಆಡಳಿತದವರು ಯಾವಾಗಲೋ ಹೋಗಿ ಅದನ್ನು ನೋಡಿ ಬಂದಿರಬೇಕು ಎಂದು ನನಗೆ ಗುಮಾನಿ. ಜನ ಕಡಿಮೆಯಾದಾಗಲೆಲ್ಲ ‘ಇದ್ದವರಲ್ಲೇ ಸುಧಾರಿಸಿ ಸಿಸ್ಟರ್’ ಎನ್ನುತ್ತಿದ್ದರು.

ಈ ಒಂಬತ್ತು ಜನರನ್ನು ಒಂದು ವಾರಕ್ಕೆ ಕೂರಿಸುವುದು ಎಷ್ಟು ಬಗೆಯಲ್ಲಿ ಸಾಧ್ಯ? ಜೀವಕ್ಕೆ ನಾಲ್ಕು ಗತಿ ಎಂದು ಜೈನರು ಹೇಳುವಂತೆ ಸಿಸ್ಟರಿಗೂ ದಿನಕ್ಕೆ ನಾಲ್ಕು ಗತಿ: ಮಾರ್ನಿಂಗ್, ಈವ್ನಿಂಗ್, ನೈಟ್, ಆಫ್. ಏಳು ದಿನಕ್ಕೆ 16,384 ಬಗೆ. ಒಂಬತ್ತು ಜನರಿಗೆ ಗುಣಿಸುತ್ತ ಹೋದರೆ 38 ಅಂಕಿಯ ಸಂಖ್ಯೆ. ಧವಳಾ ಎಂಬ ಜೈನ ಸಿದ್ಧಾಂತದ ಟೀಕೆ ಬರೆದ ವೀರಸೇನಾಚಾರ್ಯರು ಇಂಥದ್ದಕ್ಕೆ ಬೆದರುವವರಲ್ಲ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೋ ಅದನ್ನು ಅರ್ಧಚ್ಛೇದ ಎಂದು ಕರೆದು ಒಂಬತ್ತನೆಯ ಶತಮಾನದಲ್ಲೇ ಲೆಕ್ಕ ಹಾಕಿದವರು. ಆ ಲೆಕ್ಕದಲ್ಲಿ ನಮ್ಮ ವಾರ್ಡಿನ ಒಂದು ವಾರದ ಅರ್ಧಚ್ಛೇದ 126. ಗಣಕ ವಿಜ್ಞಾನದವರೂ ಇದಕ್ಕೆ ನರ್ಸ್ ರೋಸ್ಟರಿಂಗ್ ಎಂದೇ ಹೆಸರಿಟ್ಟು, ಬಿಡಿಸಲು ಬಲು ಕಷ್ಟದ ಸಮಸ್ಯೆಗಳ ಸಾಲಿಗೆ ಸೇರಿಸಿದ್ದಾರೆ. ನಾನು ಅದನ್ನು ತಿಂಗಳಿಗೊಮ್ಮೆ ಊಟದ ಬಿಡುವಿನಲ್ಲಿ ಬಿಡಿಸುತ್ತಿದ್ದೆ. ಜಾಣತನ ಏನಿಲ್ಲ. ಹೋದ ತಿಂಗಳ ಲಿಸ್ಟನ್ನೇ ಒಂದು ಮನೆ ಕೆಳಗೆ ಜಾರಿಸುವುದು, ಅತ್ತವರಿಗೆ ಒಂದು ಭಾನುವಾರ ಕೊಡುವುದು.

ಧವಳಾದ ಹೆಸರು ಬಂದದ್ದರಿಂದ ಒಂದು ಮಾತು. ಆ ಟೀಕೆಯ ತಾಳೆಗರಿ ಪ್ರತಿ ನಮ್ಮೂರಿನ ಗುರುಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿತ್ತು. ಯಾತ್ರಿಕರು ಬಂದು ಕೈಮುಗಿಯುತ್ತಿದ್ದರು. ದರ್ಶನಕ್ಕೆ ಉಂಟು, ಓದಲಿಕ್ಕೆ ಇಲ್ಲ. ನಕಲು ಮಾಡುವ ಕೆಲಸ ಶುರುವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ, ಒಟ್ಟು 16 ಸಂಪುಟ. ನನ್ನ ಡ್ಯೂಟಿ ಪುಸ್ತಕದ ಗತಿಯೂ ಹಾಗೆಯೇ. ಮೇಜಿನ ಡ್ರಾಯರಿನಲ್ಲಿ ಬೀಗದೊಳಗೆ ಇರುತ್ತಿತ್ತು, ಎಲ್ಲರೂ ಡ್ರಾಯರಿಗೆ ಕೈಮುಗಿಯುತ್ತಿದ್ದರು. ಕೆಲವರು ಮನೆಯ ಹಲಸಿನ ಹಪ್ಪಳ ತಂದು ಕೊಟ್ಟು ಕೈಮುಗಿಯುತ್ತಿದ್ದರು. ಹಪ್ಪಳಕ್ಕೂ ಭಾನುವಾರಕ್ಕೂ ಸಂಬಂಧ ಇರಲಿಲ್ಲವೆಂದು ಬಸದಿಯ ಎದುರು ನಿಂತು ಪ್ರಮಾಣ ಮಾಡಲು ನಾನು ತಯಾರಿಲ್ಲ. ಪುಸ್ತಕ ಬಯಲಿಗೆ ಬಂದದ್ದು ಒಳ್ಳೆಯದೇ ಆಯಿತು.

ಆದರೆ ಆ ಪುಸ್ತಕದಲ್ಲಿ ಬರೆಯದ ಇನ್ನೊಂದು ಪುಸ್ತಕ ನನ್ನ ತಲೆಯಲ್ಲಿತ್ತು. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಕ್ರಿಶ್ಚಿಯನ್ ಹುಡುಗಿಯರನ್ನು ಮನೆಗೆ ಕಳಿಸಿ ತಾವು ನಿಂತವರು ಯಾರು, ಪೇಟೆಯಲ್ಲಿ ಮೊಸರುಕುಡಿಕೆ ಗದ್ದಲ ಇರುವಾಗ ವಾರ್ಡಿನಲ್ಲಿ ಕೂತು ಆ ಸಾಲ ತೀರಿಸಿದವರು ಯಾರು, ಬಕ್ರೀದಿನ ಸಾಲವನ್ನು ಬಿಸುವಿನವರೆಗೆ ಎಳೆದವರು ಯಾರು, ಪೊಳಲಿ ಜಾತ್ರೆಯ ಚೆಂಡಿನ ಐದು ದಿನಕ್ಕಾಗಿ ಬಂಟ್ವಾಳದ ಕಡೆಯವರು ಯಾರ ಕೈಕಾಲು ಹಿಡಿದರು, ಎಲ್ಲ ಅದರಲ್ಲಿತ್ತು. ಸಾಫ್ಟ್‌ವೇರಿನಲ್ಲಿ ಸ್ವಾಪ್ ಎಂಬ ಗುಂಡಿ ಉಂಟು. ಅದು ಒಂದೇ ತಿಂಗಳ ಒಳಗೆ ಪಾಳಿಗೆ ಪಾಳಿ ಎಣಿಸಿ ಕೊಡುವ ರೊಕ್ಕದ ವ್ಯಾಪಾರ. ಡಿಸೆಂಬರ್ 24ರ ರಾತ್ರಿಯನ್ನು ಏಪ್ರಿಲಿನ ಬಿಸುವಿಗೆ ಕಡ ಕೊಡುವ ಗುಂಡಿ ಅದರಲ್ಲಿಲ್ಲ.

ಬೇರೆ ಕಡೆ ಹೇಗೆ ಎಂದು ಕೇಳಬಹುದು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಎಂದಿತು, ಕೆಲಸದ ವೇಳೆಯನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿ ಎಂದಿತು. ಒಳ್ಳೆಯ ಪಾಳಿ ಯಾರಿಗೆ ಎಂಬ ತಂಟೆಗೆ ಹೋಗಲಿಲ್ಲ. ನಮ್ಮ ರಾಜ್ಯದ ಸಾರಿಗೆ ನಿಗಮಗಳಲ್ಲಿ ಡ್ರೈವರ್, ಕಂಡಕ್ಟರುಗಳನ್ನು ಕೌನ್ಸೆಲಿಂಗಿಗೆ ಕೂರಿಸಿ, ಸೀನಿಯಾರಿಟಿ ಪ್ರಕಾರ ರೂಟು ಆರಿಸಿಕೊಳ್ಳಲು ಬಿಡುವ ಪದ್ಧತಿ ಬಂದಿದೆ. ಹಲವು ದೊಡ್ಡ ವಿಮಾನ ಕಂಪೆನಿಗಳ ಪೈಲಟ್‌ಗಳೂ ಹಾಗೆಯೇ, ಸೀನಿಯಾರಿಟಿ ಹಿಡಿದುಕೊಂಡು ತಿಂಗಳ ಪಾಳಿಗೆ ಬಿಡ್ ಹಾಕುತ್ತಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ 2017ರಿಂದ ದೊಡ್ಡ ಅಂಗಡಿ, ಹೋಟೆಲಿನವರು ಪಾಳಿಯ ಪಟ್ಟಿಯನ್ನು 14 ದಿನ ಮೊದಲೇ ಕೊಡಬೇಕೆಂದು ಕಾನೂನು. ಮೂಡುಬಿದಿರೆಯಲ್ಲಿ ಓಡುವುದು ಹೆಚ್ಚಿನವು ಖಾಸಗಿ ಬಸ್ಸು. ಅಲ್ಲಿ ಬದಲಿ ಜನ ಸಿಕ್ಕಿದರೆ ರಜೆ, ಸಿಗದಿದ್ದರೆ ಡಬಲ್. ನಮ್ಮ ಆಸ್ಪತ್ರೆಯ ಸಾಫ್ಟ್‌ವೇರ್ ಇದ್ಯಾವುದನ್ನೂ ಒಪ್ಪಲಿಲ್ಲ. ಪ್ರತಿ ತಿಂಗಳ 20ಕ್ಕೆ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಮುಂದಿನ ತಿಂಗಳ ಪಟ್ಟಿ ತೆರೆಯುತ್ತದೆ. ಖಾಲಿ ಮನೆ ಹಸಿರು, ಹಿಡಿದ ಮನೆ ಕೆಂಪು. ಮೊದಲು ಒತ್ತಿದವರಿಗೆ ಮೊದಲು. ಹಿರಿತನ ಹೋಯಿತು, ಹೆಬ್ಬೆರಳು ಬಂತು.

ಈ ಹಸಿರು ಕೆಂಪು ನೋಡಿಯೇ ನನಗೆ ಲೇಶ್ಯೆಯ ನೆನಪಾದದ್ದು. ನಮ್ಮ ನೆರೆಮನೆಯ ಇಂದ್ರರು (ಬಸದಿಯ ಪೂಜೆಯವರನ್ನು ನಮ್ಮಲ್ಲಿ ಹಾಗೆ ಕರೆಯುವುದು) ಚಾವಡಿಯಲ್ಲಿ ಒಂದು ಪಟ ತೂಗು ಹಾಕಿದ್ದಾರೆ. ಹಣ್ಣು ತುಂಬಿದ ಮರ, ಆರು ಜನ ಹಸಿದವರು. ಒಬ್ಬ ಮರವನ್ನು ಬುಡಸಮೇತ ಕೀಳಲು ಹೊರಟಿದ್ದಾನೆ. ಇನ್ನೊಬ್ಬ ಕಾಂಡಕ್ಕೆ ಕೊಡಲಿ ಹಾಕಿದ್ದಾನೆ, ಮೂರನೆಯವನು ಕೊಂಬೆಗೆ, ನಾಲ್ಕನೆಯವನು ರೆಂಬೆಗೆ. ಐದನೆಯವನು ಹಣ್ಣು ಮಾತ್ರ ಕೊಯ್ಯುತ್ತಾನೆ. ಆರನೆಯವನು ಕೆಳಗೆ ಬಿದ್ದದ್ದನ್ನು ಹೆಕ್ಕುತ್ತಾನೆ. ಕ್ರಮವಾಗಿ ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಲೇಶ್ಯೆ. ಜೀವದ ಭಾವಕ್ಕೆ ಅಂಟುವ ಆರು ಬಣ್ಣ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಗೊಮ್ಮಟಸಾರದಲ್ಲಿ ಇದನ್ನು ವಿಸ್ತಾರವಾಗಿ ಹೇಳಿದ್ದಾರೆ. ಸಾಫ್ಟ್‌ವೇರ್ ಬಣ್ಣ ಬಳಿದದ್ದು ಪಾಳಿಗೆ. ನೇಮಿಚಂದ್ರರು ಬಳಿದದ್ದು ಹಿಡಿಯುವವರಿಗೆ. ಯಾವುದು ಸರಿಯಾದ ಜಾಗ ಎಂದು ಓದುಗರೇ ಹೇಳಲಿ.

ಕೃಷ್ಣ ಲೇಶ್ಯೆಯವರು ಪಟ್ಟಿ ತೆರೆಯುವವರೆಗೆ ಕಾಯುವುದೇ ಇಲ್ಲ. ಒಂಬತ್ತು ಗಂಟೆಗೆ ಬೆರಳು ಚುರುಕು ಮಾಡಿಕೊಂಡು ಕೂರುವವರನ್ನು ಕೃಷ್ಣ ಎಂದು ಕರೆಯುವುದು ತಪ್ಪು; ಅವರು ಬಡಪಾಯಿಗಳು. ನಿಜವಾದ ಕೃಷ್ಣ ಲೇಶ್ಯೆ ಮೊದಲೇ ಆಫೀಸಿಗೆ ಹೋಗಿ, ಸೊಂಟದ ಡಿಸ್ಕಿನ ವಿಷಯ ಬರೆದ ಡಾಕ್ಟರ ಚೀಟಿಯೊಂದನ್ನು ಕೊಟ್ಟು, ತನ್ನ ಹೆಸರಿನ ಎದುರು ನೈಟ್ ಎಂಬ ಕಾಲಂ ತೆರೆಯದಂತೆ ಮಾಡಿಸಿಕೊಂಡು ಬಂದಿರುತ್ತದೆ. ಕಾಂಡ, ಕೊಂಬೆ ಎಂಬ ತಾಪತ್ರಯವಿಲ್ಲ, ಬುಡಕ್ಕೇ ಏಟು. ಸೊಂಟ ನಿಜವಾಗಿ ನೋಯುವವರೂ ಇರುತ್ತಾರೆ. ಅವರು ಚೀಟಿ ತರುವುದಿಲ್ಲ, ಮೂವ್ ಹಚ್ಚಿಕೊಂಡು ನೈಟಿಗೆ ಬರುತ್ತಾರೆ.

ನೀಲಕ್ಕೆ ಗ್ರಂಥ ಹೇಳುವ ಗುರುತು ನಿದ್ದೆ ಜಾಸ್ತಿ, ವಂಚನೆ ಜಾಸ್ತಿ. ಇವರು ಬೇಕಾದದ್ದು ಬೇಡದ್ದು ಎಲ್ಲ ಮಾರ್ನಿಂಗನ್ನೂ ಒತ್ತಿಟ್ಟುಕೊಂಡು ನೆಮ್ಮದಿಯಿಂದ ಮಲಗುತ್ತಾರೆ. ತಿಂಗಳ ನಡುವೆ ಒಂದೊಂದನ್ನೇ ಹೊರಗೆ ಬಿಡುತ್ತಾರೆ: ‘ಶನಿವಾರದ ಮಾರ್ನಿಂಗ್ ಬೇಕಾ? ನನ್ನ ಎರಡು ನೈಟ್ ತೆಗೊಳ್ತೀಯಾ?’ ಚಿಲ್ಲರೆ ವ್ಯಾಪಾರಕ್ಕಿಂತ ಇದರಲ್ಲಿ ಲಾಭ.

ಕಪೋತವೆಂದರೆ ಪಾರಿವಾಳದ ಬಣ್ಣ, ಮತ್ತು ಪಾರಿವಾಳದ ಹಾಗೆಯೇ ಇವರು ಹಾರುವುದು ಗುಂಪಿನಲ್ಲಿ. ಮೂರು ಜನರ ಒಂದು ವಾಟ್ಸ್ಆ್ಯಪ್ ಗ್ರೂಪ್. 19ರ ರಾತ್ರಿಯೇ ಕೊಂಬೆ ಹಂಚಿಕೆ ಆಗಿರುತ್ತದೆ: ಮೊದಲ ಹತ್ತು ದಿನ ನಿನಗೆ, ನಡುವಿನದು ನನಗೆ, ಕೊನೆಯದು ಅವಳಿಗೆ. ಪರರನ್ನು ದೂರುವುದು, ತನ್ನನ್ನು ಹೊಗಳಿಕೊಳ್ಳುವುದು ಕಪೋತದ ಲಕ್ಷಣವೆಂದು ಗೊಮ್ಮಟಸಾರದಲ್ಲಿ ಉಂಟು. ಹತ್ತನೆಯ ಶತಮಾನದಲ್ಲಿ ವಾಟ್ಸ್ಆ್ಯಪ್ ಗ್ರೂಪನ್ನು ಇಷ್ಟು ಸ್ಪಷ್ಟವಾಗಿ ಕಂಡವರು ಇನ್ನೊಬ್ಬರಿಲ್ಲ. ಒಮ್ಮೆ ಗ್ರೂಪಿನೊಳಗೇ ಒಡಕು ಬಂದು, ಮೂರನೆಯವಳು ಮೊದಲ ಹತ್ತು ದಿನಕ್ಕೆ ಕೈಹಾಕಿದಳು. ಉಳಿದಿಬ್ಬರು ಡ್ರೆಸ್ಸಿಂಗ್ ಟ್ರೇ ಎದುರು ನಿಂತು ಅಳುತ್ತ ನನ್ನ ಹತ್ತಿರ ನ್ಯಾಯಕ್ಕೆ ಬಂದರು. ನಾನು ಹೇಳಿದೆ: ‘ನನ್ನ ಕೈಯಲ್ಲಿ ಈಗ ಏನಿಲ್ಲ ಮಕ್ಕಳೇ, ಮೊಬೈಲಿಗೆ ಹೇಳಿ.’ ಹೇಳುವಾಗ ಖುಷಿಯಾದದ್ದು ಸುಳ್ಳಲ್ಲ.

ಪೀತದವರ ವಿಷಯದಲ್ಲಿ ಬರೆಯಲು ಹೆಚ್ಚೇನಿಲ್ಲ. ಅಣ್ಣನ ಮದುವೆ, ಮಗುವಿನ ಪಿಟಿಎ ಮೀಟಿಂಗ್, ಕಡಲಕೆರೆಯ ಕಂಬಳ, ಇಷ್ಟಕ್ಕೆ ಬೇಕಾದ ನಾಲ್ಕು ದಿನ ಹಿಡಿದು ಸುಮ್ಮನಾಗುತ್ತಾರೆ. ಲೋಕ ನಡೆಯುವುದು ಇವರಿಂದ.

ಪದ್ಮ ಲೇಶ್ಯೆಯವರು ಒತ್ತುವ ಮೊದಲು ಫೋನ್ ಮಾಡುತ್ತಾರೆ: ‘ಅಕ್ಕ, ನಿಮಗೆ ಆ ಭಾನುವಾರ ಬೇಕಿತ್ತಾ?’ ಅಕ್ಕ ‘ಬೇಡ ಬೇಡ, ನೀನೇ ತಗೋ’ ಎನ್ನುತ್ತಾರೆ. ಇವರು ‘ಛೆ, ನಿಮಗಿರಲಿ’ ಎನ್ನುತ್ತಾರೆ. ಹೀಗೆ ಮೂರು ಸಲ ಆಗುವಷ್ಟರಲ್ಲಿ ಭಾನುವಾರ ಕೆಂಪಾಗಿರುತ್ತದೆ. ಮೊದಲು ಒತ್ತಿದವರಿಗೆ ಮೊದಲು ಎಂಬ ನಿಯಮದಲ್ಲಿ ದಾಕ್ಷಿಣ್ಯಕ್ಕೆ ಒಂದೂವರೆ ನಿಮಿಷದ ದಂಡ.

ಕೊನೆಯದು ಶುಕ್ಲ. ಪಂಡಿತರಿಗೂ ಬಿಡಿಸಲಾಗದ ಗಂಟು ಇರುವುದು ಇಲ್ಲಿ. ಬಿದ್ದ ಹಣ್ಣನ್ನು ಹೆಕ್ಕಿ ತೃಪ್ತಿಪಡುವವರು, ಪಕ್ಷಪಾತ ಇಲ್ಲದವರು, ಮುಂದಿನ ಫಲದ ಆಸೆ ಇಲ್ಲದವರು, ಶಂಖದಂತೆ ಬೆಳ್ಳಗೆ. ನಮ್ಮ ವಾರ್ಡಿನಲ್ಲಿ ಇಂಥವಳು ಒಬ್ಬಳೇ. ತಿಂಗಳು ತಿಂಗಳೂ ಉಳಿದ ಪಾಳಿಯನ್ನೇ ತೆಗೆದುಕೊಳ್ಳುತ್ತಿದ್ದಳು. ಸಾಫ್ಟ್‌ವೇರ್ ಅವಳ ಹೆಸರಿನ ಎದುರು ಚಿನ್ನದ ನಕ್ಷತ್ರ ಹಾಕಿ, ಹೊಂದಾಣಿಕೆಯಲ್ಲಿ ನೂರಕ್ಕೆ 97 ಅಂಕ ಕೊಟ್ಟಿತು. ಆಫೀಸಿನವರು ದಾದಿಯರ ದಿನಾಚರಣೆಗೆ ಹೂವಿನ ಗುಚ್ಛ ಕೊಟ್ಟು ಫೋಟೋ ತೆಗೆಸಿದರು. ನಾನೂ ಚಪ್ಪಾಳೆ ತಟ್ಟಿದೆ.

ನಿವೃತ್ತಿಯಾದ ವರ್ಷ ಆಟಿ ತಿಂಗಳಲ್ಲಿ ಪತ್ರೊಡೆಗೆ ಕೆಸುವಿನೆಲೆ ಕೊಡುತ್ತೇನೆಂದು ಅವಳು ಕರೆದಳು. ಮನೆ ಶಿರ್ತಾಡಿಯಿಂದ ಒಳಗೆ, ರಬ್ಬರ್ ತೋಟ ದಾಟಿ. ಜಡಿಮಳೆ ಹಿಡಿದು ರಾತ್ರಿ ಅಲ್ಲೇ ಉಳಿದೆ. ಊಟಕ್ಕೆ ಕೂರುವ ಹೊತ್ತಿಗೆ ಅವಳು ಗಡಿಯಾರ ನೋಡಿ, ಕೊಡೆ ಹಿಡಿದು, ಮೊಬೈಲನ್ನು ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿಕೊಂಡು ಅಂಗಳಕ್ಕೆ ಇಳಿದಳು. ಅಂದು 20ನೇ ತಾರೀಕು. ನಾನೂ ಟಾರ್ಚ್ ಹಿಡಿದು ಹಿಂದೆ ಹೋದೆ. ಅಡಿಕೆ ತೋಟದ ಆಚೆ ದರೆಯ ಮೇಲೆ ಒಂದು ಗೇರು ಮರ. ಅದರ ಬುಡದಲ್ಲಿ ನಿಂತು ಬಲಗೈ ಎತ್ತಿ ಹಿಡಿದರೆ ನೆಟ್‌ವರ್ಕಿನ ಒಂದು ಕಡ್ಡಿ ಬರುತ್ತದೆ, ಎರಡನೆಯದು ಗಾಳಿ ಬೀಸಿದರೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ತೊಟ್ಟೆಯ ಮೇಲೆ ಬಿದ್ದ ಹನಿಯನ್ನೇ ಮೊಬೈಲು ಬೆರಳೆಂದು ತಿಳಿದು ಏನೇನೋ ತೆರೆಯುತ್ತಿತ್ತು. ಅವಳು ಸೆರಗಿನಿಂದ ಒರೆಸುತ್ತಿದ್ದಳು. ಒಂಬತ್ತು ಹದಿನೇಳಕ್ಕೆ ಪಟ್ಟಿ ಬಂತು. ಆಗಸ್ಟ್ ತಿಂಗಳಿಡೀ ಕೆಂಪು. ನಾಲ್ಕು ಭಾನುವಾರದ ನೈಟ್, ಅಷ್ಟಮಿಯ ಈವ್ನಿಂಗ್, ಅಲ್ಲೊಂದು ಇಲ್ಲೊಂದು ಹಸಿರು. ಅವಳು ಒಂದೊಂದನ್ನೇ ಒತ್ತಿದಳು.

‘ಸಿಕ್ಕಿತಲ್ಲ ಅಕ್ಕ, ಅದಾದರೂ. ಹೋದ ತಿಂಗಳು ತೆರೆಯುವಾಗ ಹತ್ತು ಗಂಟೆ ಆಗಿತ್ತು.’

ಬೆಳಗ್ಗೆ ಕೆಸುವಿನೆಲೆಯ ಕಟ್ಟು ಹಿಡಿದು ನೇರ ಇಂದ್ರರ ಮನೆಗೆ ಹೋದೆ. ‘ಮರದ ಹತ್ತಿರ ಬರಲಿಕ್ಕೆ ತಡವಾಗಿ ಬಿದ್ದ ಹಣ್ಣು ಹೆಕ್ಕಿದವರು ಯಾವ ಲೇಶ್ಯೆ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಪಟ ನೋಡಿದರು. ಆರು ಜನವೂ ಒಟ್ಟಿಗೆ ಬಂದರು ಎಂದು ಇಟ್ಟುಕೊಂಡೇ ಶಾಸ್ತ್ರ ಹೇಳಿದ್ದು, ದಾರಿಯ ವಿಷಯ ಅದರಲ್ಲಿ ಬರುವುದಿಲ್ಲ ಎಂದರು. ಲೇಶ್ಯೆ ನಿರ್ಣಯವಾಗುವುದು ಭಾವದಿಂದ, ಕೈಗೆ ಸಿಕ್ಕಿದ ಹಣ್ಣಿನಿಂದಲ್ಲ ಎಂದೂ ಸೇರಿಸಿದರು. ಸಾಫ್ಟ್‌ವೇರಿಗೆ ಕಾಣುವುದು ಹಣ್ಣು ಮಾತ್ರ. ಹಾಗಾಗಿ ವೈರಾಗ್ಯಕ್ಕೂ ರೇಂಜ್ ಇಲ್ಲದ್ದಕ್ಕೂ ಅದು ಒಂದೇ ನಕ್ಷತ್ರ ಕೊಡುತ್ತದೆ.

ಕಂಪೆನಿಯ ಹುಡುಗನಿಗೂ ಫೋನ್ ಮಾಡಿ ಇದನ್ನು ಹೇಳಿದೆ. ‘ಮೇಡಂ, ಸಿಸ್ಟಮ್ ಎಲ್ಲರಿಗೂ ಒಂದೇ ಸಮಯಕ್ಕೆ ಓಪನ್ ಆಗ್ತದೆ, ಇದರಲ್ಲಿ ಪಾರ್ಶಿಯಾಲಿಟಿ ಇಲ್ಲ’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ನನ್ನಲ್ಲಿ ಪಾರ್ಶಿಯಾಲಿಟಿ ಇತ್ತು. ನೈಟ್ ಜಾಸ್ತಿ ಬಿದ್ದವಳು ನನ್ನನ್ನು ಬೈಯುತ್ತಿದ್ದಳು, ಬೈದದ್ದು ನನ್ನ ಕಿವಿಗೆ ಬೀಳುತ್ತಿತ್ತು, ಮುಂದಿನ ತಿಂಗಳು ನಾಚಿಕೆಯಿಂದ ಎರಡು ನೈಟ್ ಕಡಿಮೆ ಮಾಡುತ್ತಿದ್ದೆ. ಈಗ ಬೈಯಲಿಕ್ಕೆ ಜನ ಇಲ್ಲ. ‘ನೀವೇ ಹಿಡಿದದ್ದಲ್ಲವಾ’ ಎಂದರೆ ಅವಳಾದರೂ ಏನು ಹೇಳಿಯಾಳು?

ಲೇಶ್ಯೆ ಆರೇ ಆದರೂ ಶಾಸ್ತ್ರ ಪೂರ್ತಿಯಾಗಬೇಕಾದರೆ ಏಳನೆಯ ವರ್ಗವೊಂದನ್ನು ಹೇಳಬೇಕು. ಯಾವ ಬಣ್ಣವೂ ಅಂಟದ ಸಿದ್ಧರಿಗೆ ಅಲೇಶ್ಯರೆಂದು ಹೆಸರು. ಆಸ್ಪತ್ರೆಯಲ್ಲಿ ಇವರು ಎರಡನೆಯ ಮಹಡಿಯ ಏಸಿ ಕೋಣೆಯಲ್ಲಿರುತ್ತಾರೆ. ಜನರಲ್ ಡ್ಯೂಟಿ, ಒಂಬತ್ತರಿಂದ ಐದು, ಭಾನುವಾರ ರಜೆ. ಇವರಿಗೆ ಪಟ್ಟಿಯೂ ಇಲ್ಲ, ಮರವೂ ಇಲ್ಲ, ಹಸಿವೂ ಇಲ್ಲ. ಮರದಲ್ಲಿ ಎಷ್ಟು ಹಣ್ಣು ಬಿಡಬೇಕು, ಅಂದರೆ ವಾರ್ಡಿಗೆ ಎಷ್ಟು ಜನ ಬೇಕು ಎಂದು ನಿರ್ಣಯಿಸುವವರು ಮಾತ್ರ ಇವರೇ.

ಹೋದ ಮಳೆಗಾಲದಲ್ಲಿ ಬಿಪಿ ಏರಿ ಅದೇ ವಾರ್ಡಿನಲ್ಲಿ ನಾನು ಎರಡು ರಾತ್ರಿ ಮಲಗಿದ್ದೆ. ಮೊದಲ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಆಚೆ ಬೆಡ್ಡಿನ ಅಜ್ಜನ ಡ್ರಿಪ್ ಮುಗಿದಿತ್ತು, ಕೊನೆಯ ಬೆಡ್ಡಿನವರು ಬೆಲ್ ಒತ್ತುತ್ತಿದ್ದರು. ಶಿರ್ತಾಡಿಯವಳು ಒಬ್ಬಳೇ ಓಡಾಡುತ್ತಿದ್ದಳು.

‘ಇನ್ನೊಬ್ಬಳು ಎಲ್ಲಿ?’ ಎಂದು ಕೇಳಿದೆ.

‘ಯಾರೂ ಹಿಡೀಲಿಲ್ಲ ಅಕ್ಕ’ ಎಂದು ಮೊಬೈಲು ತೋರಿಸಿದಳು. ಆ ರಾತ್ರಿಯ ಎರಡನೆಯ ಮನೆ ಇನ್ನೂ ಹಸಿರಾಗಿಯೇ ಇತ್ತು.